ಒಳಮತದಾನದಲ್ಲಿ ಸೋತವರ ಮತಕ್ಕೂ ಲೆಕ್ಕವಿರಲಿ

ಭಾರತೀಯ ಜನತಾ ಪಕ್ಷದ ಕರ್ನಾಟಕ ರಾಜ್ಯಾಧ್ಯಕ್ಷರಿಗೆ ಬಹಿರಂಗ ಪತ್ರ



2023ರ ವಿಧಾನಸಭಾ ಚುನಾವಣೆಗೆ ಮುನ್ನ, ಮಾರ್ಚ್ ಕೊನೆಯಲ್ಲಿ, ತಮ್ಮ ಪಕ್ಷವು ಪದಾಧಿಕಾರಿಗಳಿಂದ ಗುಪ್ತ ಮತದಾನ ಮಾಡಿಸಿ ಟಿಕೆಟ್ ಆಕಾಂಕ್ಷಿಗಳ ಬಗ್ಗೆ ಅಭಿಪ್ರಾಯ ಪಡೆಯಿತು. ಅಭ್ಯರ್ಥಿ ಯಾರೆಂಬುದನ್ನು ಪಕ್ಷದ ಬೆಂಬಲಿಗರೇ ಮತ ಹಾಕಿ ತೀರ್ಮಾನಿಸುವ ಅಮೆರಿಕದ ಪ್ರೈಮರಿ ಪದ್ಧತಿಗೆ ಇದು ಹತ್ತಿರದ್ದಾದರೂ, ಇಲ್ಲಿ ಎಣಿಕೆ ಪ್ರಕಟವಾಗಲಿಲ್ಲ, ಕೊನೆಯ ಮಾತು ವರಿಷ್ಠರದೇ ಆಯಿತು. ಬೈಂದೂರಿನಲ್ಲಿ ಹಾಲಿ ಶಾಸಕ ಬಿ.ಎಂ. ಸುಕುಮಾರ ಶೆಟ್ಟರಿಗೆ ಟಿಕೆಟ್ ತಪ್ಪಿತು, ಗುರುರಾಜ ಗಂಟಿಹೊಳೆಯವರು ನಿಂತು ಗೆದ್ದರು, ಶೆಟ್ಟರು ಮರುವರ್ಷ ಕಾಂಗ್ರೆಸ್ ಸೇರಿದರು. ಹೊಸಬರಿಗೆ ಅವಕಾಶ ಕೊಟ್ಟದ್ದು ತಪ್ಪಲ್ಲ. ಟಿಕೆಟ್ ಸಿಗದವರ ಬೆನ್ನಿಗೆ ಎಷ್ಟು ಮಂದಿ ಇದ್ದರೆಂಬುದನ್ನು ಕಾರ್ಯಕರ್ತರಿಗೇ ತಿಳಿಸದಿದ್ದುದು ತಪ್ಪು.

ಪಕ್ಷದೊಳಗೆ ನಡೆಯದ ಎಣಿಕೆ ಬೈಂದೂರು-ಕುಂದಾಪುರದ ಈ ಸೀಮೆಯಲ್ಲಿ ಪಕ್ಷದ ಹೊರಗೆ ನಡೆದುಹೋಗಿದೆ. ಸಚಿವ ಸ್ಥಾನ ಕೈತಪ್ಪಿದ ಬಳಿಕ ಪಕ್ಷ ತೊರೆದ ಹಾಲಾಡಿ ಶ್ರೀನಿವಾಸ ಶೆಟ್ಟರು 2013ರಲ್ಲಿ ಕುಂದಾಪುರದಿಂದ ಪಕ್ಷೇತರರಾಗಿ ಗೆದ್ದು, 2018ರಲ್ಲಿ ಮತ್ತೆ ತಮ್ಮದೇ ಪಕ್ಷದ ಅಭ್ಯರ್ಥಿಯಾದರು. ಈಗ ಇಲ್ಲವಾಗಿರುವ ಬ್ರಹ್ಮಾವರ ಕ್ಷೇತ್ರದಲ್ಲಿ ಕೆ. ಜಯಪ್ರಕಾಶ ಹೆಗ್ಡೆಯವರೂ ಪಕ್ಷೇತರರಾಗಿ ಗೆದ್ದವರೇ. ಬಂಡಾಯವೊಂದೇ ಬಲ ತೋರಿಸುವ ದಾರಿಯಾಗಿ ಉಳಿದರೆ, ಬಂಡಾಯವೇಳದೆ ಪಕ್ಷದಲ್ಲಿ ಉಳಿದವನಿಗೆ ಅನ್ಯಾಯವಾಗುತ್ತದೆ.

ಹಾಗೆಂದು ಸೋತವರಿಗೆ ನಿಗಮ-ಮಂಡಳಿಯ ಅಧ್ಯಕ್ಷಗಿರಿ ಕೊಟ್ಟು ಸಮಾಧಾನಪಡಿಸುವುದು ಪರಿಹಾರವಲ್ಲ, ಏಕೆಂದರೆ ಅದು ನಾಯಕನಿಗೆ ದಕ್ಕುತ್ತದೆಯೇ ಹೊರತು ಅವನ ಪರ ನಿಂತವರಿಗಲ್ಲ. ಗೆದ್ದ ಅಭ್ಯರ್ಥಿಯನ್ನು ಬದಲಿಸುವ ಅಧಿಕಾರವೂ ಅವರಿಗೆ ಸಲ್ಲದು. ಅವರಿಗೆ ಸಲ್ಲಬೇಕಾದದ್ದು ಕಾರ್ಯಕ್ರಮದ ಮೇಲಿನ ಪ್ರಭಾವ. 2016ರಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷವು ಹಿಲರಿ ಕ್ಲಿಂಟನ್ ಎದುರು ಹಿಂದೆ ಬಿದ್ದಿದ್ದ ಬರ್ನಿ ಸ್ಯಾಂಡರ್ಸ್ ಅವರಿಗೆ, ಪ್ರಣಾಳಿಕೆಯ ಕರಡು ಬರೆಯುವ 15 ಮಂದಿಯ ಸಮಿತಿಯಲ್ಲಿ ಐವರನ್ನು ಸೂಚಿಸುವ ಅವಕಾಶ ಕೊಟ್ಟಿತು. ಆ ಮಾದರಿಯಲ್ಲಿ, ಒಳಮತದಾನದಲ್ಲಿ ಮೂರನೇ ಒಂದು ಪಾಲು ಮತ ಪಡೆದವರ ಕಡೆಯವರಿಗೆ ಕ್ಷೇತ್ರದ ಪ್ರಣಾಳಿಕಾ ಸಮಿತಿಯಲ್ಲಿ ಅಷ್ಟೇ ಪಾಲು ಸಿಗಬೇಕು. ಮರವಂತೆಯ ಕಡಲ್ಕೊರೆತವಾಗಲಿ, ಗಂಗೊಳ್ಳಿ ಬಂದರಿನ ಜೆಟ್ಟಿಯಾಗಲಿ, ಡೀಮ್ಡ್ ಅರಣ್ಯದ ಹೆಸರಿನಲ್ಲಿ ಸಿಕ್ಕಿಬಿದ್ದ ಕೃಷಿಭೂಮಿಯಾಗಲಿ, ಅವರು ಎತ್ತಿದ ವಿಷಯ ಅವರ ಸೋಲಿನೊಂದಿಗೆ ಬಿದ್ದುಹೋಗಬಾರದು.

ಮತದಾರರ ಪಟ್ಟಿಯ ಒಂದು ಪುಟದ ಹೊಣೆ ಹೊತ್ತು ಆ ಪುಟದಲ್ಲಿರುವ ಮನೆಗಳಿಗೆಲ್ಲ ಹೋಗಿಬರುವ ಪೇಜ್ ಪ್ರಮುಖನು, ತನ್ನ ಆಯ್ಕೆಯ ಆಕಾಂಕ್ಷಿ ಸೋತ ಮರುದಿನವೂ ಅದೇ ಅಂಗಳಗಳಲ್ಲಿ ನಿಂತು ಮತ ಕೇಳಬೇಕಾಗುತ್ತದೆ. ಅವನಿಗೆ ಕನಿಷ್ಠ ಲೆಕ್ಕವಾದರೂ ಗೊತ್ತಿರಬೇಕು. ಆದಕಾರಣ ಮುಂದಿನ ಒಳಮತದಾನದ ಎಣಿಕೆಯನ್ನು ಆಯಾ ಕ್ಷೇತ್ರದಲ್ಲೇ, ಮತ ಹಾಕಿದವರ ಎದುರಿನಲ್ಲೇ ನಡೆಸಿ, ಪ್ರತಿಯೊಬ್ಬ ಆಕಾಂಕ್ಷಿಗೆ ಬಿದ್ದ ಮತಗಳನ್ನು ಟಿಕೆಟ್ ಘೋಷಣೆಗೆ ಮೊದಲೇ ಪ್ರಕಟಿಸಬೇಕೆಂದು ಈ ಪತ್ರದ ಮೂಲಕ ಕೋರಲಾಗಿದೆ.