ಬಹುಮಾನಕ್ಕೆ ಬಂದೂಕೇ ಬೇಕೆ?

ಕಳೆದ ಸಲ ನಮ್ಮ ಸಂಘದ ಮಕ್ಕಳ ದಿನಾಚರಣೆಯಲ್ಲಿ ಕಂಠಪಾಠ ಸ್ಪರ್ಧೆ ನಡೆದುದು ಸದಸ್ಯರಿಗೆ ನೆನಪಿರಬಹುದು. ಪುಣೆಯಲ್ಲಿ ಹುಟ್ಟಿ, ಓಣಿಯಲ್ಲಿ ಮರಾಠಿ ಆಡಿ, ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮಕ್ಕಳು ವಚನಗಳನ್ನು ತಪ್ಪಿಲ್ಲದೆ ಒಪ್ಪಿಸಿದರು. ಆಮೇಲೆ ಬಹುಮಾನ ವಿತರಣೆ. ಹೆಣ್ಣುಮಕ್ಕಳಿಗೆ ಪ್ಲಾಸ್ಟಿಕ್ಕಿನ ಅಡಿಗೆ ಸಾಮಾನು, ಗಂಡುಹುಡುಗರಿಗೆ ಗುಂಡು ಹಾರಿಸುವ ಪಿಸ್ತೂಲು. ದಯೆಯನ್ನು ಕುರಿತ ಬಸವಣ್ಣನವರ ವಚನ ಹೇಳಿ ಮೊದಲ ಸ್ಥಾನ ಪಡೆದ ಆರು ವರ್ಷದ ಹುಡುಗ ವೇದಿಕೆಯಿಂದ ಇಳಿಯುವ ಮೊದಲೇ ಅದನ್ನು ಅಧ್ಯಕ್ಷರ ಹೊಟ್ಟೆಗೆ ಗುರಿಯಿಟ್ಟ. ಸಭೆ ನಕ್ಕು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ತಟ್ಟಿದ್ದಷ್ಟೇ ಅಲ್ಲ, ಖರೀದಿಗೆ ಹೋದ ಮೂವರಲ್ಲಿ ನಾನೂ ಒಬ್ಬ. ಡಜನ್ನಿನ ದರಕ್ಕೆ ಚೌಕಾಸಿ ಮಾಡಿ, ಉಳಿದ ಹಣದ ಲೆಕ್ಕವನ್ನು ಪೈಸೆಯವರೆಗೆ ಒಪ್ಪಿಸಿ, ನನ್ನ ಸ್ವಂತ ದುಡ್ಡಿನಿಂದ ಇನ್ನೊಂದು ಪಿಸ್ತೂಲನ್ನು ಮನೆಗೂ ಒಯ್ದೆ. ಆದ್ದರಿಂದ ಈ ಲೇಖನವನ್ನು ಕಾರ್ಯಕಾರಿ ಸಮಿತಿಯ ಮೇಲಿನ ದೂರೆಂದು ಯಾರೂ ತಿಳಿಯಬಾರದು. ತಿಳಿಯುವುದಾದರೆ ಮೊದಲ ಆರೋಪಿ ನಾನೇ.

ಸಂಕ್ರಾಂತಿಗೆ ಊರಿನಿಂದ ಅವ್ವ ಬಂದಿದ್ದಳು. ಬಾಲ್ಕನಿಯ ಬಿಸಿಲಿಗೆ ಕೂತು ಎಳ್ಳು ಹಸನು ಮಾಡುತ್ತಿದ್ದಳು. ಐದು ವರ್ಷದ ನನ್ನ ಮಗ ಬಾಗಿಲ ಮರೆಯಿಂದ ಗುರಿಯಿಟ್ಟು ಕುದುರೆ ಎಳೆದ. ಗುಂಡು ಬಲಗಣ್ಣಿನ ಕೆಳಗೆ, ರೆಪ್ಪೆಯಿಂದ ಅರ್ಧ ಬೆರಳು ಅಂತರದಲ್ಲಿ ಬಡಿಯಿತು. ಅವಳು ಮೊರ ಕೈಬಿಟ್ಟು ಮುಖ ಮುಚ್ಚಿಕೊಂಡಾಗ ಹುಡುಗ ಇದೂ ಆಟವೆಂದು ಕುಣಿಯುತ್ತಿದ್ದ. ನಾನು ಅವನಿಗೆ ಹೊಡೆಯಲು ಕೈ ಎತ್ತಿದೆ. ಅವ್ವ ಮುಖದಿಂದ ಕೈ ತೆಗೆಯದೆಯೇ ಅಂದಳು: “ಕೂಸಿಗ್ಯಾಕ ಹೊಡೀತೀಯೋ? ತಂದು ಕೊಟ್ಟಾಂವ ನೀನs ಅಲ್ಲೇನು?”

ಕಣ್ಣಿನ ವೈದ್ಯರು ಪರೀಕ್ಷಿಸಿ ಅಪಾಯವಿಲ್ಲವೆಂದರು. ಆದರೆ ಆ ಅರ್ಧ ಬೆರಳಿನ ಲೆಕ್ಕ ನನ್ನ ತಲೆಯಿಂದ ಹೋಗಲಿಲ್ಲ. ವಿಜ್ಞಾನದ ಪದವೀಧರನೆಂದು ಹೇಳಿಕೊಳ್ಳುವ ನಾನು ಕೊಳ್ಳುವ ಮೊದಲೇ ಯೋಚಿಸಬೇಕಾಗಿದ್ದ ಲೆಕ್ಕ ಇದು. ನಮ್ಮ ಕಣ್ಣಿನ ಗೂಡಿನ ಅಗಲ ಸುಮಾರು 4 ಸೆಂಟಿಮೀಟರು. ಅದರ ಸುತ್ತಲೂ ಎಲುಬಿನ ಕಟ್ಟೆ. ಕ್ರಿಕೆಟ್ ಚೆಂಡಿನ ಅಡ್ಡಳತೆ 7 ಸೆಂಟಿಮೀಟರಿಗಿಂತ ತುಸು ಹೆಚ್ಚು. ಅದು ಮುಖಕ್ಕೆ ಬಡಿದರೆ ಪೆಟ್ಟಿನ ಬಹುಭಾಗವನ್ನು ಆ ಎಲುಬೇ ತಿನ್ನುತ್ತದೆ. ಈ ಪ್ಲಾಸ್ಟಿಕ್ ಗುಂಡಿನ ಅಡ್ಡಳತೆಯೋ 6 ಮಿಲಿಮೀಟರು! ಕಟ್ಟೆಯ ಒಳಗೆ ನೇರವಾಗಿ ನುಗ್ಗಿ ಕಣ್ಣುಗುಡ್ಡೆಗೇ ಬಡಿಯುವುದಕ್ಕೆ ಹೇಳಿ ಮಾಡಿಸಿದ ಗಾತ್ರ. ಗುಂಡು ಬೇಡ, ಟಿಕಳಿ ಪಿಸ್ತೂಲು ಇರಲಿ ಎನ್ನುವವರಿಗೂ ಒಂದು ಮಾತು. ಟಿಕಳಿಯ ಸದ್ದನ್ನು ಒಂದು ಮೀಟರು ದೂರದಿಂದ ಕೇಳುವುದಕ್ಕೂ, ಹತ್ತು ಸೆಂಟಿಮೀಟರು ದೂರದಿಂದ ಕೇಳುವುದಕ್ಕೂ ಕಿವಿಯ ಮೇಲಿನ ಒತ್ತಡದಲ್ಲಿ ಸುಮಾರು ಹತ್ತು ಪಟ್ಟು ವ್ಯತ್ಯಾಸವಿದೆ. ಗೆಳೆಯನ ಕಿವಿಯ ಹತ್ತಿರವೇ ಹೊಡೆದು ಬೆಚ್ಚಿಬೀಳಿಸುವುದರಲ್ಲಿ ಮಕ್ಕಳಿಗೆ ಇರುವ ಸುಖ ಯಾರಿಗೆ ಗೊತ್ತಿಲ್ಲ?

“ಐ.ಎಸ್.ಐ. ಗುರುತು ನೋಡಿ ಕೊಂಡರಾಯಿತು” ಎಂದು ಸ್ನೇಹಿತರೊಬ್ಬರು ಸಲಹೆ ಕೊಟ್ಟರು. ನೋಡಬೇಕಾದದ್ದೇ. 2021ರ ಜನವರಿ 1ರಿಂದ ಆಟಿಕೆಗಳಿಗೆ ಆ ಗುರುತು ಕಡ್ಡಾಯವಾಗಿದೆ. ಜಾತ್ರೆಯ ಮತ್ತು ಫುಟ್‌ಪಾತಿನ ಮಾಲಿನಲ್ಲಿ ಅದನ್ನು ಹುಡುಕಿ ನೋಡಿ. ಇದ್ದರೂ ಅದು ಆಟಿಕೆಯ ಗುಣಮಟ್ಟಕ್ಕೆ ಕೊಟ್ಟ ಗುರುತು. ಹುಡುಗ ಅದನ್ನು ಯಾರ ಕಣ್ಣಿಗೆ ಹಿಡಿಯುತ್ತಾನೆ ಎಂಬುದಕ್ಕೆ ಯಾವ ಇಲಾಖೆಯೂ ಮುದ್ರೆ ಒತ್ತುವುದಿಲ್ಲ.

2025ರ ದೀಪಾವಳಿಯಲ್ಲಿ ಭೋಪಾಳ ಮತ್ತು ಸುತ್ತಲಿನ ಊರುಗಳಲ್ಲಿ ನಡೆದುದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಪ್ಲಾಸ್ಟಿಕ್ ಕೊಳವೆಯಲ್ಲಿ ಕಾರ್ಬೈಡ್ ಹಾಕಿ ನೀರು ಸೇರಿಸಿ, ಹುಟ್ಟುವ ಅಸಿಟಿಲೀನ್ ಅನಿಲಕ್ಕೆ ಕಿಡಿ ತಾಗಿಸುವ ಆಟದ ಬಂದೂಕು ಅದು. ಹಾರದಿದ್ದಾಗ ಏನಾಯಿತೆಂದು ಕೊಳವೆಯೊಳಗೆ ಇಣುಕಿದ ಮಕ್ಕಳಿದ್ದಾರೆ. ನೂರಕ್ಕೂ ಹೆಚ್ಚು ಮಂದಿ, ಹೆಚ್ಚಿನವರು ಮಕ್ಕಳೇ, ಕಣ್ಣಿನ ಗಾಯದಿಂದ ಆಸ್ಪತ್ರೆ ಸೇರಿದರು. ಕೆಲವರ ದೃಷ್ಟಿ ಹೋಯಿತು. ಇದೆಲ್ಲ ಪುಕ್ಕಲರ ಗೊಣಗಾಟವೆನ್ನುವವರು ಅಫಘಾನಿಸ್ತಾನವನ್ನು ನೋಡಲಿ. ನಿಜವಾದ ಬಂದೂಕಿನ ಪರಿಚಯ ಅವರಿಗಿಂತ ನಮಗೆ ಹೆಚ್ಚಿಲ್ಲವಷ್ಟೆ? 2015ರಲ್ಲಿ ಈದ್ ಹಬ್ಬದ ದಿನಗಳಲ್ಲಿ ಆಟದ ಬಂದೂಕಿನಿಂದ ನೂರಕ್ಕೂ ಹೆಚ್ಚು ಮಂದಿಗೆ ಗಾಯವಾದ ಮೇಲೆ ಅಲ್ಲಿನ ಸರಕಾರವೇ ಅವನ್ನು ನಿಷೇಧಿಸಿತು.

ಆಟದ ಬಂದೂಕು ಹಿಡಿದವನು ಮುಂದೆ ಕೊಲೆಗಡುಕನಾಗುತ್ತಾನೆಂದು ನಾನು ವಾದಿಸುತ್ತಿಲ್ಲ. ಹಾಗಾಗಿದ್ದರೆ ನಮ್ಮ ಪೀಳಿಗೆಯ ಅರ್ಧದಷ್ಟು ಜನ ಯೆರವಡಾದಲ್ಲಿರಬೇಕಿತ್ತು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಊರಿನ ಹುಡುಗರೆಲ್ಲ ಕಸಬರಿಗೆಯ ಕಡ್ಡಿ ಮುರಿದು ಬಾಣ ಮಾಡಿದೆವು. ನಮ್ಮ ಓಣಿಯಲ್ಲೇ ಒಬ್ಬನ ಹುಬ್ಬು ಹರಿಯಿತು. ಅಂದರೆ ನಮ್ಮ ಆಟವೇನೂ ನಿರಪಾಯವಾಗಿರಲಿಲ್ಲ. ಆದರೆ ಆ ಬಿಲ್ಲನ್ನು ಅಪ್ಪ ಕೊಡಿಸಿರಲಿಲ್ಲ. ಕಂಡರೆ ಮುರಿದು ಒಲೆಗೆ ಹಾಕುತ್ತಿದ್ದ. ಮರುದಿನ ಅದೇ ಕಡ್ಡಿ ಕೊಳಲಾಗುತ್ತಿತ್ತು, ಕುದುರೆಯ ಚಾವಟಿಯಾಗುತ್ತಿತ್ತು, ಮಾಸ್ತರರ ಬೆತ್ತವಾಗುತ್ತಿತ್ತು. ಅಂಗಡಿಯ ಪಿಸ್ತೂಲಿಗೆ ಆ ಭಾಗ್ಯವಿಲ್ಲ. ಅದನ್ನು ಹಿಡಿದವನಿಗೆ ಎದುರಿಗೊಬ್ಬ ಬೇಕು, ಅವನು ಸಾಯಬೇಕು. ಎದುರಿಗೆ ಯಾರೂ ಇಲ್ಲದಿದ್ದರೆ ಎಳ್ಳು ಹಸನು ಮಾಡುವ ಅಜ್ಜಿ!

ಇದು ಸೈನ್ಯದ ಊರು, ಮಕ್ಕಳು ಧೀರರಾಗಬೇಕು ಎಂಬ ವಾದವೂ ಕಿವಿಗೆ ಬಿದ್ದಿದೆ. ಖಡಕಿಯ ಮದ್ದುಗುಂಡಿನ ಕಾರ್ಖಾನೆ 1869ರದು, ಖಡಕವಾಸಲೆಯಲ್ಲಿ ಸೇನಾಧಿಕಾರಿಗಳು ತಯಾರಾಗುತ್ತಾರೆ; ಎಲ್ಲವೂ ನಿಜ. ನಿಮ್ಮ ಕಟ್ಟಡದಲ್ಲಿ ನಿವೃತ್ತ ಸುಬೇದಾರರಿದ್ದರೆ ಕೇಳಿ ನೋಡಿ. ಆಯುಧ ಖಾಲಿಯಿದ್ದರೂ ಹೊಡೆಯಬೇಕಾಗಿಲ್ಲದವನ ಕಡೆ ತಿರುಗಿಸಬೇಡ ಎಂಬುದು ಸಿಪಾಯಿಯ ಮೊದಲ ಪಾಠ. ಅಭ್ಯಾಸದಲ್ಲಿ ಹಾರಿದ ಪ್ರತಿಯೊಂದು ಗುಂಡಿಗೂ ಲೆಕ್ಕ, ಖಾಲಿ ಕೊಳವೆಗಳನ್ನೂ ಆರಿಸಿ ಎಣಿಸುತ್ತಾರೆ, ಬಂದೂಕು ಕೀಲಿಯೊಳಗೆ ಹೋಗುತ್ತದೆ. ಜೀವಮಾನವಿಡೀ ಲೆಕ್ಕದ ಪುಸ್ತಕ ಬರೆದ ಗುಮಾಸ್ತನಿಗೆ ಇದು ಅರ್ಥವಾಗುವ ವಿಷಯ. ನಮ್ಮ ಮನೆಯಲ್ಲಿ ನೂರು ಗುಂಡಿನ ಪೊಟ್ಟಣ ಸೋಫಾದ ಕೆಳಗೆ ಚೆಲ್ಲಾಡಿತ್ತು, ಎಣಿಸಿದವರಿಲ್ಲ.

ಖಂಡೆ ನವಮಿಯಂದು ನಾವೇ ಆಯುಧ ಪೂಜಿಸುವುದಿಲ್ಲವೆ ಎಂದರೆ, ಪೂಜಿಸುತ್ತೇವೆ. ಕುಡಗೋಲು, ತಕ್ಕಡಿ, ಸ್ಕೂಟರು, ಕಛೇರಿಯ ಪೆನ್ನು, ಎಲ್ಲಕ್ಕೂ ಕುಂಕುಮ. ಪೂಜೆಗಿಟ್ಟದ್ದನ್ನು ಅಂದು ಮಕ್ಕಳು ಮುಟ್ಟುವಂತಿಲ್ಲ ಎಂಬುದೂ ಅದೇ ಸಂಪ್ರದಾಯದ ಮಾತು. ದೀಪಾವಳಿಗೆ ಇಲ್ಲಿನ ಮಕ್ಕಳು ಕಟ್ಟುವ ಕಿಲ್ಲೆಯಲ್ಲೂ ಮಾವಳೆಯರ ಕೈಯಲ್ಲಿ ಈಟಿ ಕತ್ತಿಗಳಿವೆ. ಅದಕ್ಕೆ ನನ್ನ ತಕರಾರೇನೂ ಇಲ್ಲ, ನನ್ನ ಮಗನೂ ನೆರೆಯ ಹುಡುಗರೊಂದಿಗೆ ಕಟ್ಟುತ್ತಾನೆ. ಕಲ್ಲು ಹೊತ್ತು, ಗೋಣಿತಾಟಿಗೆ ಕೆಸರು ಮೆತ್ತಿ, ಸಾಸಿವೆ ಚೆಲ್ಲಿ, ಮೊಳಕೆ ಬಂತೇ ಎಂದು ಬೆಳಿಗ್ಗೆ ಎದ್ದೊಡನೆ ಓಡುತ್ತಾರೆ. ಎಂಟು ದಿನದ ಉದ್ಯೋಗ. ನಮ್ಮ ಹುಡುಗ ಮರಾಠಿ ಹುಡುಗರೊಂದಿಗೆ ಕೂಡಿ ದುಡಿಯುವುದು ಅಲ್ಲೇ. ಬಂದೂಕು ಕೊಟ್ಟು ನೋಡಿ, ಆ ಗುಂಪು ಎರಡು ಪಕ್ಷವಾಗಲು ಎರಡು ನಿಮಿಷ ಸಾಕು.

“ಕೊಡಿಸದಿದ್ದರೆ ಹಟ ಮಾಡುತ್ತಾನೆ.” ನಿಜವಾದ ಕಾರಣ ಇದೊಂದೇ ಎಂದು ನನ್ನ ಅನುಭವ. ಗಂಡಹೆಂಡಿರಿಬ್ಬರೂ ದುಡಿದು, ಬಸ್ಸಿನಲ್ಲಿ ಜೋತಾಡಿ ಸಂಜೆ ಏಳಕ್ಕೆ ಮನೆ ಸೇರುವವರು ನಾವು. ಅಜ್ಜ ಅಜ್ಜಿ ಊರಿನಲ್ಲಿ. ಮಗುವಿನೊಂದಿಗೆ ಕೂರಲು ಆಗದ ಒಂದು ಗಂಟೆಗೆ ಬದಲಾಗಿ ಏನಾದರೊಂದನ್ನು ಕೈಗಿಡುತ್ತೇವೆ, ಅದು ಸದ್ದು ಮಾಡಿದಷ್ಟೂ ನಮ್ಮ ಕರ್ತವ್ಯ ಮುಗಿದಂತೆ ಅನಿಸುತ್ತದೆ. ಆ ಪಿಸ್ತೂಲನ್ನು ಮನೆಗೆ ಒಯ್ದ ದಿನ ನನಗೆ ಅನಿಸಿದ್ದೂ ಅದೇ. ಈಗ ಅದನ್ನು ಒಡೆದು ಬಿಸಾಕಿದ್ದೇನೆ. ಹುಡುಗ ಎರಡು ದಿನ ಅತ್ತ. ಮೂರನೆಯ ದಿನ ಚಪಾತಿಯ ತುಂಡನ್ನು ಪಿಸ್ತೂಲಿನಾಕಾರಕ್ಕೆ ಕಚ್ಚಿ ನನಗೆ ಗುರಿಯಿಟ್ಟು “ಢಂ” ಎಂದ. ನಾನು ಸತ್ತಂತೆ ಬಿದ್ದೆ. ಅವನು ಬಂದೂಕನ್ನು ತಿಂದುಬಿಟ್ಟ. ಅಂಥ ಬಂದೂಕಿಗೆ ನನ್ನ ವಿರೋಧವಿಲ್ಲ.

ಮುಂದಿನ ಸಾಧಾರಣ ಸಭೆಯಲ್ಲಿ ನಾನು ಒಂದು ಠರಾವನ್ನು ಮಂಡಿಸುವವನಿದ್ದೇನೆ: ಸಂಘದ ಹಣದಿಂದ ಮಕ್ಕಳಿಗೆ ಯಾವ ಬಗೆಯ ಬಂದೂಕನ್ನೂ ಕೊಳ್ಳಕೂಡದು. ಬದಲಿಗೆ ಹುಡುಗ ಹುಡುಗಿಯರಿಗೆಲ್ಲ ಚನ್ನಪಟ್ಟಣದ ಬುಗುರಿ, ಅರಗಿನ ಬಣ್ಣದ ಬಂಡಿ. ತುಟ್ಟಿಯೆಂದು ಖಜಾಂಚಿಯವರು ಹೇಳುತ್ತಾರೆ. ಒಪ್ಪುತ್ತೇನೆ, ಬಹುಮಾನಗಳ ಸಂಖ್ಯೆ ಕಡಿಮೆ ಮಾಡೋಣ, ಅಥವಾ ಊರಿಗೆ ಹೋದವರು ತಂದರೆ ಸಾಗಣೆಯ ಖರ್ಚು ಉಳಿಯುತ್ತದೆ. ವಿರೋಧಿಸುವವರು ಮನೆಯಲ್ಲಿ ಕೂತು ಆಡಿಕೊಳ್ಳದೆ ದಯವಿಟ್ಟು ಸಭೆಗೆ ಬರಬೇಕು. ಕಳೆದ ಸಲ ಉಳಿದ ನಾಲ್ಕು ಪಿಸ್ತೂಲುಗಳು ಸಂಘದ ಕಪಾಟಿನ ಕೆಳಗಿನ ಖಾನೆಯಲ್ಲಿ ಹಾಗೆಯೇ ಇವೆ. ಅವನ್ನು ಏನು ಮಾಡಬೇಕೆಂಬುದನ್ನೂ ಅಂದೇ ತೀರ್ಮಾನಿಸಬೇಕು.