ಬಿಸಿಲನ್ನೂ ಎಣ್ಣೆಯ ಕೂಲಿಗೆ ಹಚ್ಚಿದವರು

ಒಮಾನಿನಲ್ಲಿ ಸೌರವಿದ್ಯುತ್ತು ಇಷ್ಟು ತಡವಾಗಿ ಬಂದದ್ದಕ್ಕೆ ಎಣ್ಣೆ-ಗ್ಯಾಸಿನ ಹಿತಾಸಕ್ತಿಯೇ ಕಾರಣ ಎಂದು ನಾನು ಬರೆದದ್ದು ಮಸ್ಕತ್ತಿನ ಹಲವು ಕನ್ನಡಿಗರಿಗೆ ಹಿಡಿಸಿಲ್ಲ. ಆಕ್ಷೇಪಿಸಿದವರಲ್ಲಿ ಆಯಿಲ್ ಫೀಲ್ಡಿನಲ್ಲಿ ಬೆವರು ಸುರಿಸಿದವರೂ ಇದ್ದಾರೆ. ಅವರಿಗೆ ಉತ್ತರ ಕೊಡಲೇಬೇಕು.

"ಇಲ್ಲಿ ಲಾಬಿ ಎಲ್ಲಿದೆ ಸ್ವಾಮಿ? ಚುನಾವಣೆಗೆ ದುಡ್ಡು ಸುರಿಯಲು ಪಕ್ಷಗಳೇ ಇಲ್ಲವಲ್ಲ!" ಪಕ್ಷಗಳಿಲ್ಲ, ನಿಜ. ಆದರೆ ಬಾಗಿಲು ತಟ್ಟಬೇಕಾದವನು ಹೊರಗಿರುವವನು. ನಾವೆಲ್ಲ ಪಿಡಿಒ ಎನ್ನುವ ಪೆಟ್ರೋಲಿಯಂ ಡೆವಲಪ್‌ಮೆಂಟ್ ಒಮಾನ್‌ನಲ್ಲಿ ಶೇ. 60ರಷ್ಟು ಪಾಲು ಸರ್ಕಾರದ್ದು, ಶೇ. 34 ಶೆಲ್ ಕಂಪನಿಯದು. ಖಜಾನೆಗೆ ಬರುವ ದುಡ್ಡಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಎಣ್ಣೆ-ಗ್ಯಾಸಿನದು. ಪಿಡಿಒದಲ್ಲಿನ ಸರ್ಕಾರದ ಪಾಲನ್ನು ನೋಡಿಕೊಳ್ಳಲು 2020ರ ಕೊನೆಗೆ ಎನರ್ಜಿ ಡೆವಲಪ್‌ಮೆಂಟ್ ಒಮಾನ್ ಹುಟ್ಟಿತು. ಹಸಿರು ಹೈಡ್ರೋಜನ್ ಯೋಜನೆಗಳಿಗೆ ದುಕ್ಮ್ ಮತ್ತು ಧೋಫಾರ್ ಕಡೆ ಭೂಮಿ ಹಂಚುವ ಹೈಡ್ರೋಮ್ 2022ರಲ್ಲಿ ಹುಟ್ಟಿದ್ದೂ ಅದೇ ಮನೆಯಲ್ಲಿ. ಎಣ್ಣೆಯ ಲೆಕ್ಕ ಬರೆಯುವ ಮನೆಯಲ್ಲೇ ಬಿಸಿಲಿನ ಲೆಕ್ಕವೂ ನಡೆಯುವಾಗ ಲಾಬಿಗಾರನಿಗೆ ಏನು ಕೆಲಸ?

"ಪಿಡಿಒನೇ ಸೋಲಾರ್ ಹಾಕಿದೆ, ಅದು ಸೂರ್ಯನ ವೈರಿ ಹೇಗಾಗುತ್ತದೆ?" ವೈರಿ ಎಂದು ನಾನು ಬರೆದೇ ಇಲ್ಲ. ದಕ್ಷಿಣದ ಅಮಲ್‌ನಲ್ಲಿ ಏನಾಯಿತು ನೋಡಿ. ಅಲ್ಲಿನ ಎಣ್ಣೆ ಮಂದ, ತಾನಾಗಿ ಮೇಲೇರದು. ನೆಲದೊಳಕ್ಕೆ ಹಬೆ ನುಗ್ಗಿಸಿ ತೆಳುವಾಗಿಸಬೇಕು. ಆ ಹಬೆಗೆ ಮೊದಲು ಗ್ಯಾಸ್ ಉರಿಸುತ್ತಿದ್ದರು. 2013ರಲ್ಲಿ ಗ್ಲಾಸ್‌ಪಾಯಿಂಟ್ ಕಂಪನಿ ಬಿಸಿಲಿನಿಂದ ಹಬೆ ತೆಗೆದು ತೋರಿಸಿತು. 2015ರಲ್ಲಿ ಸಾವಿರ ಮೆಗಾವಾಟ್ ಶಾಖದ 'ಮಿರಾಹ್' ಯೋಜನೆ ಘೋಷಣೆಯಾಯಿತು. ತರಕಾರಿ ಬೆಳೆಯುವಂಥ ಗಾಜಿನ ಮನೆ, ಅದರೊಳಗೆ ತೂಗುಹಾಕಿದ ತೆಳು ಅಲ್ಯೂಮಿನಿಯಂ ಕನ್ನಡಿಗಳು. ಅವು ಸೂರ್ಯನ ಜೊತೆ ತಿರುಗುತ್ತ ಪೈಪಿನ ನೀರನ್ನು ಕುದಿಸುತ್ತವೆ. ಮರುಭೂಮಿಯ ಧೂಳು ಕೂರುವುದು ಮೇಲಿನ ಗಾಜಿನ ಮೇಲೆ ಮಾತ್ರ, ಅದನ್ನು ತೊಳೆಯಲು ಯಂತ್ರವಿದೆ. ಎಂಜಿನಿಯರುಗಳ ಜಾಣ್ಮೆಗೆ ತಲೆದೂಗಲೇಬೇಕು. ಪೂರ್ತಿ ಗುರಿ ಮುಟ್ಟುವ ಮೊದಲೇ, 2020ರಲ್ಲಿ, ಆ ಕಂಪನಿ ಬಾಗಿಲು ಹಾಕಿತು. ಆದರೆ ಬಿಸಿಲಿನ ಹಬೆ ಹೋದದ್ದೆಲ್ಲಿಗೆ? ಇನ್ನಷ್ಟು ಎಣ್ಣೆ ಎತ್ತಲು. ಅದೇ ವರ್ಷ ಶುರುವಾದ ಅಮೀನ್‌ನ 100 ಮೆಗಾವಾಟ್ ಸೋಲಾರ್ ಕರೆಂಟೂ ಪಿಡಿಒಗೇ. 2024ರಲ್ಲಿ ಟೋಟಲ್‌ಎನರ್ಜೀಸ್ ಮತ್ತು ಒಕ್ಯೂ ಕಂಪನಿಗಳು ಸೋಹಾರ್‌ನಲ್ಲಿ ಮರ್ಸಾ ಎಲ್‌ಎನ್‌ಜಿ ಘಟಕಕ್ಕೆ ಅಂತಿಮ ಒಪ್ಪಿಗೆ ಕೊಟ್ಟವು. ಗ್ಯಾಸನ್ನು ದ್ರವ ಮಾಡುವ ಆ ಘಟಕಕ್ಕೆ 300 ಮೆಗಾವಾಟ್ ಸೋಲಾರ್ ಕಟ್ಟುತ್ತಾರೆ. ಸೂರ್ಯನನ್ನು ಇವರು ಹೊರಗಿಟ್ಟಿಲ್ಲ, ಎಣ್ಣೆಯ ಹಾಜರಿ ಪುಸ್ತಕಕ್ಕೆ ಸೇರಿಸಿಕೊಂಡಿದ್ದಾರೆ. ಬಿಸಿಲು ಮೊದಲು ಯಾರ ಕೆಲಸಕ್ಕೆ ಹೋಗಬೇಕೆಂದು ತೀರ್ಮಾನಿಸುವ ಅಧಿಕಾರವನ್ನೇ ನಾನು ರಾಜಕೀಯ ಪ್ರಭಾವ ಎಂದದ್ದು.

"ಇಬ್ರಿ, ಮನಾಹ್ ಕಣ್ಣಿಗೆ ಬೀಳಲಿಲ್ಲವೇ?" ಬಿದ್ದಿವೆ. ಇಬ್ರಿಯ 500 ಮೆಗಾವಾಟ್ ಸೋಲಾರ್ 2022ರಲ್ಲಿ, ಮನಾಹ್‌ನ ಎರಡು ಘಟಕಗಳು ಸೇರಿ 1,000 ಮೆಗಾವಾಟ್ 2025ರಲ್ಲಿ ಉದ್ಘಾಟನೆಯಾದವು, ಸಂತೋಷ. ಆದರೆ ಈ ನಾಡಿನ ಬಿಸಿಲು ಜಗತ್ತಿನಲ್ಲೇ ಮೇಲ್ದರ್ಜೆಯದು ಎಂದು ವಿದ್ಯುತ್ ನಿಯಂತ್ರಣ ಪ್ರಾಧಿಕಾರದ ಅಧ್ಯಯನ ಹೇಳಿದ್ದು 2008ರಲ್ಲಿ. ನಡುವೆ, 2019ರಲ್ಲಿ, ಇಬ್ರಿ ಮತ್ತು ಸೋಹಾರ್‌ಗಳಲ್ಲಿ ಎರಡೂ ಸೇರಿ 3,200 ಮೆಗಾವಾಟಿನ ಗ್ಯಾಸ್ ಸ್ಥಾವರಗಳು ಚಾಲೂ ಆದವು, 15 ವರ್ಷದ ಖರೀದಿ ಒಪ್ಪಂದದೊಂದಿಗೆ. ಇಂಥ ಒಪ್ಪಂದದಲ್ಲಿ ಸ್ಥಾವರ ಓಡದೆ ನಿಂತರೂ ಸಿದ್ಧವಿದ್ದದ್ದಕ್ಕೆ ದುಡ್ಡು ಕೊಡಬೇಕು. 2034ರವರೆಗೆ ಗ್ಯಾಸಿಗೆ ಸೀಟು ಕಾದಿರಿಸಿ ಆಗಿದೆ.

"ರಾತ್ರಿ ಎಸಿ ಯಾರು ಓಡಿಸುತ್ತಾರೆ?" ಸದ್ಯಕ್ಕೆ ಗ್ಯಾಸೇ ಓಡಿಸಲಿ. ಮಧ್ಯಾಹ್ನ ಮೂರು ಗಂಟೆಗೂ ಅದೇ ಏಕೆ ಎಂಬುದು ನನ್ನ ಪ್ರಶ್ನೆ. ಮನೆ ಮೇಲಿನ ಸೋಲಾರಿಗೆಂದು 2017ರಲ್ಲಿ 'ಸಾಹಿಂ' ಯೋಜನೆ ಬಂತು. ಆಗ ಮನೆಬಳಕೆಯ ಮೊದಲ ಸ್ಲ್ಯಾಬಿನ ಕರೆಂಟು ಯೂನಿಟ್ಟಿಗೆ 10 ಬೈಸಾ, ನಮ್ಮ ಎರಡು ರೂಪಾಯಿಗೂ ಕಡಿಮೆ. ಸಬ್ಸಿಡಿ ಗ್ಯಾಸಿನ ಆ ದರದೆದುರು ಪ್ಯಾನೆಲ್ ಹಾಕುವವರು ಯಾರು? ಮಸ್ಕತ್ತಿನ ರೂವಿಯ ಬಾಡಿಗೆ ಫ್ಲ್ಯಾಟಿನಲ್ಲಿರುವ ಪುತ್ತೂರಿನವನಿಗಂತೂ ತಾರಸಿಯ ಬೀಗದ ಕೈಯೇ ಸಿಗುವುದಿಲ್ಲ.

"ಮೊದಲು ನಿಮ್ಮ ಕರ್ನಾಟಕದ ಕಲ್ಲಿದ್ದಲು ನೋಡಿಕೊಳ್ಳಿ." ರಾಯಚೂರಿನ ಚಿಮಣಿಗಳು ಇನ್ನೂ ಹೊಗೆಯಾಡುತ್ತಿವೆ, ಒಪ್ಪಿದೆ. ಆದರೆ ಪಾವಗಡದಲ್ಲಿ 2,050 ಮೆಗಾವಾಟ್ 2019ರಷ್ಟರಲ್ಲೇ ಎದ್ದಿತು. ನಮ್ಮ ನೆಲದಡಿ ಕಲ್ಲಿದ್ದಲೂ ಇಲ್ಲ, ಎಣ್ಣೆಯೂ ಇಲ್ಲ. ಅವನ್ನು ಕಾಯುವ ಯಜಮಾನನೂ ವಿಧಾನಸೌಧದಲ್ಲಿಲ್ಲ. ಈ ಉದಾಹರಣೆ ನನ್ನ ವಾದಕ್ಕೇ ಒದಗುತ್ತದೆ.

ಕೊನೆಯ ಆಕ್ಷೇಪ ಖಾರವಾಗಿದೆ: "ಉಂಡ ಮನೆಯ ಜಂತಿ ಎಣಿಸುತ್ತೀರಾ?" 1967ರಲ್ಲಿ ಮೀನಾ ಅಲ್ ಫಹಲ್‌ನಿಂದ ಮೊದಲ ಎಣ್ಣೆ ಹಡಗು ಹೊರಟಿತು. 1970ರಲ್ಲೂ ಇಡೀ ದೇಶಕ್ಕೆ ಮೂರೇ ಶಾಲೆ. ಆಮೇಲೆ ಕಂಡದ್ದೆಲ್ಲ ಎಣ್ಣೆಯ ಋಣ. ಅದರಲ್ಲಿ ಮಂಗಳೂರು-ಉಡುಪಿಯ ಸಾವಿರಾರು ಮನೆಗಳದ್ದೂ ಸೇರಿದೆ. ಆದರೆ ಜಂತಿ ಎಣಿಸುತ್ತಿರುವವನು ಮನೆಯ ಯಜಮಾನನೇ. 2050ಕ್ಕೆ ಇಂಗಾಲದ ನಿವ್ವಳ ಹೊರಸೂಸುವಿಕೆ ಶೂನ್ಯ ಎಂದು 2022ರಲ್ಲಿ ಸಾರಿದ್ದು ಸುಲ್ತಾನರ ಸರ್ಕಾರ. ಎಣ್ಣೆ ಆದಾಯವನ್ನೇ ನೆಚ್ಚಿ ಕೂರಲಾಗದೆಂದು 2028ರಿಂದ ಶೇ. 5ರ ವೈಯಕ್ತಿಕ ಆದಾಯ ತೆರಿಗೆಗೆ ಆಜ್ಞೆ ಹೊರಡಿಸಿದ್ದೂ ಅದೇ; ಕೊಲ್ಲಿ ದೇಶಗಳಲ್ಲಿ ಇದು ಮೊದಲನೆಯದು. ತೆರಿಗೆ ಬೀಳುವುದು ವರ್ಷಕ್ಕೆ 42,000 ರಿಯಾಲ್ ಮೀರಿದ ಆದಾಯಕ್ಕೆ ಮಾತ್ರ. ನನ್ನನ್ನು ತರಾಟೆಗೆ ತೆಗೆದುಕೊಂಡವರಲ್ಲಿ ಒಬ್ಬಿಬ್ಬರಿಗಾದರೂ ಅದು ತಟ್ಟಬಹುದು, ಅವರಿಗೆ ಅಭಿನಂದನೆ.