ಸಿಂತ್ ಕೊಳ್ಳೋ ಮುಂಚೆ ಅಮ್ಮನ ಶ್ರುತಿಪೆಟ್ಟಿಗೆ ಆನ್ ಮಾಡಿ

1/7

ಹೋದ ವಾರ ಒಬ್ಬ ಜೂನಿಯರ್ ಮೆಸೇಜ್ ಮಾಡಿದ್ದ. "ಅಣ್ಣಾ, ಲ್ಯಾಪ್‌ಟಾಪ್ ತಗೊಳ್ಳೋಕೆ ಅಂತ ಅಪ್ಪ 45 ಸಾವಿರ ಕೊಟ್ಟಿದ್ದಾರೆ. ಅದ್ರಲ್ಲಿ ನಿಮ್ಮ ಟೇಬಲ್ ಮೇಲಿರೋ ಥರದ ಸಿಂತ್ ತಗೊಂಡ್ರೆ ಹೇಗೆ? ಲ್ಯಾಪ್‌ಟಾಪ್ ಹಾಸ್ಟೆಲಲ್ಲಿ ಯಾರದಾದ್ರೂ ಸಿಗತ್ತೆ."

ಓದಿ ಒಂಥರಾ ಆಯ್ತು. ಯಾಕಂದ್ರೆ ಆ ಟೇಬಲ್ ಫೋಟೋ ಹಾಕಿದ್ದು ನಾನೇ. ನೀಲಿ ಲೈಟು, ಬಣ್ಣಬಣ್ಣದ ಕೇಬಲ್ಲು, ಎರಡು ಸಿಂತ್, ಒಂದು ಡ್ರಮ್ ಮಷಿನ್. ನೀವೆಲ್ಲ ಲೈಕ್ ಒತ್ತಿದ ಫೋಟೋ ಅದು. ಆದ್ರೆ ಫೋಟೋದಲ್ಲಿ ಕಾಣದೇ ಇರೋ ಒಂದು ವಿಷಯ ಇದೆ. ಆ ಮೂರೂ ಪೆಟ್ಟಿಗೆ ಇಟ್ಕೊಂಡು ಹದಿನಾಲ್ಕು ತಿಂಗಳಲ್ಲಿ ನಾನು ಪೂರ್ತಿ ಮುಗಿಸಿದ ಟ್ರ್ಯಾಕ್ ಎಷ್ಟು ಗೊತ್ತಾ? ಒಂದೂ ಇಲ್ಲ.

ಅರ್ಧ ನಿಮಿಷದ ಲೂಪ್‌ಗಳು ಮಾತ್ರ ಅರವತ್ತರ ಮೇಲಿವೆ. ಸ್ಟೋರಿಗೆ ಸಾಕು, ಹಾಡಿಗೆ ಸಾಲದು.

ಅವನಿಗೆ ಕೊಡಬೇಕಾದ ಉತ್ತರವನ್ನ ಇಲ್ಲೇ, ಎಲ್ಲರ ಎದುರಿಗೇ ಬರೀತಿದೀನಿ. ಸ್ವಲ್ಪ ಉದ್ದ ಇದೆ. ಸೇವ್ ಮಾಡ್ಕೊಂಡು ಆಮೇಲೆ ಓದಿದ್ರೂ ಪರವಾಗಿಲ್ಲ.

2/7

ಮೊದಲನೇ ಸಿಂತ್ ಕೊಂಡಾಗ ನಿಜಕ್ಕೂ ಖುಷಿ ಇತ್ತು. ಮೂರು ವಾರ ಊಟ ತಿಂಡಿ ಮರೆತು ಕೂತಿದ್ದೆ. ನಾಲ್ಕನೇ ವಾರ ಒಂದು ಕಡೆ ಸಿಕ್ಕಿಹಾಕ್ಕೊಂಡೆ: ಲೂಪ್ ಚೆನ್ನಾಗಿದೆ, ಮುಂದೇನು ಅಂತ ಗೊತ್ತಿಲ್ಲ. ಆಗ ಕೂತು ಯೋಚನೆ ಮಾಡ್ಬೇಕಿತ್ತು. ನಾನು ಮಾಡಿದ್ದು ಯೂಟ್ಯೂಬಲ್ಲಿ ರಿವ್ಯೂ ನೋಡೋದು. "ಓಹ್, ಇದ್ರಲ್ಲಿ ನಾಲ್ಕೇ ಸ್ವರ ಒಟ್ಟಿಗೆ ಬರತ್ತೆ, ಅದ್ರಲ್ಲಿ ಎಂಟು ಬರತ್ತಂತೆ. ಅದಕ್ಕೇ ನನ್ನ ಹಾಡು ಮುಂದೆ ಹೋಗ್ತಿಲ್ಲ!" ಅಂತ ತೀರ್ಮಾನ ಮಾಡ್ಬಿಟ್ಟೆ. ಎರಡನೇದು ಬಂತು, ಇಎಂಐ ಮೇಲೆ. ಮತ್ತೆ ಸಿಕ್ಕಿಹಾಕ್ಕೊಂಡಾಗ ಡ್ರಮ್ ಮಷಿನ್ ಬಂತು.

ಕೊಳ್ಳೋ ಮುಂಚಿನ ಆ ಹುಡುಕಾಟ, ಹೋಲಿಕೆ, ಪಾರ್ಸೆಲ್ ಬರೋ ದಿನದ ಎದೆಬಡಿತ ಇದೆಯಲ್ಲ, ಅದು ಸಂಗೀತ ಮಾಡಿದಷ್ಟೇ ಮಜಾ ಕೊಡತ್ತೆ. ಮೋಸ ಆಗೋದು ಅಲ್ಲೇ. ನಾವು ಏನೋ ಮುಂದಕ್ಕೆ ಹೋಗ್ತಿದೀವಿ ಅನ್ಸತ್ತೆ. ನಿಜವಾಗಿ ಮುಂದಕ್ಕೆ ಹೋಗ್ತಿರೋದು ಇಎಂಐ ತಾರೀಖು ಮಾತ್ರ.

3/7

ಇನ್ನು ಅಮ್ಮನ ವಿಷಯ. ಅಮ್ಮ ದಿನಾ ಬೆಳಿಗ್ಗೆ ಸಾಧನೆಗೆ ಕೂರ್ತಾರೆ. ಪಕ್ಕದಲ್ಲಿ ಟಿಫಿನ್ ಡಬ್ಬಿ ಗಾತ್ರದ ಹಳೇ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ಅಂಥದ್ದು ನಿಮ್ಮಲ್ಲಿ ಅರ್ಧ ಜನರ ಮನೆಯಲ್ಲಿ ಇದ್ದೇ ಇರತ್ತೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಕೊಳಲು ನುಡಿಸೋರು, ಓದಿದ್ದು ಎಂಜಿನಿಯರಿಂಗ್. ಅವರು ರಾಡೆಲ್ ಕಂಪನಿ ಕಟ್ಟಿ ಎಲೆಕ್ಟ್ರಾನಿಕ್ ತಂಬೂರಿ, ತಾಳದ ಪೆಟ್ಟಿಗೆ ಎಲ್ಲ ತಯಾರಿಸಿದ್ರು. ಸಂಗೀತಗಾರನಿಗೆ ಏನು ಬೇಕು ಅಂತ ಗೊತ್ತಿದ್ದ ಎಂಜಿನಿಯರ್ ಮಾಡಿದ ಕೆಲಸ ಅದು. ಈಚಿನ ಪೆಟ್ಟಿಗೆಗಳಲ್ಲಿ ನಿಜವಾದ ತಂಬೂರಿಯ ರೆಕಾರ್ಡಿಂಗ್ ಇರೋದುಂಟು. ಹಳೇ ಕಾಲದವುಗಳಲ್ಲಿ ಸರ್ಕ್ಯೂಟೇ ನಾದ ಹುಟ್ಟಿಸ್ತಿತ್ತು. ಅಂದ್ರೆ ಅದೂ ಸಿಂತಸೈಜರೇ. ಪೂಜೆ ಕೋಣೆಯ ಪಕ್ಕ ಇರೋದ್ರಿಂದ ನಾವು ಯಾರೂ ಹಾಗೆ ಅಂದ್ಕೊಂಡಿಲ್ಲ ಅಷ್ಟೇ.

ಒಂದು ದಿನ ನಾನು ಸಿಂತಲ್ಲಿ ದಪ್ಪನೆಯ ನಾದ ಬರಲಿ ಅಂತ ಎರಡು ಆಸಿಲೇಟರ್‌ಗಳನ್ನ ಸ್ವಲ್ಪ ಹಿಂದುಮುಂದು ಮಾಡ್ತಿದ್ದೆ. ಅದೇನೋ ಹುಳಿಹುಳಿಯಾಗಿತ್ತು, ಯಾಕೆ ಅಂತ ಹೊಳೀತಿರಲಿಲ್ಲ. ಅಮ್ಮ ಒಳಗಿಂದ ಬಂದು, "ಎರಡೂ ಜಗಳ ಆಡ್ತಿವೆ ಕಣೋ. ಅಲೆ ಎಷ್ಟು ಜೋರಾಗಿದೆ ಕೇಳಿಸ್ತಿಲ್ವಾ?" ಅಂದ್ರು. ಯಾವ ನಾಬ್ ಅಂತ ಕೇಳಿ, ಕಣ್ಣು ಮುಚ್ಕೊಂಡು ಕೂದಲೆಳೆಯಷ್ಟು ತಿರುಗಿಸಿದ್ರು. ಅಲೆ ನಿಧಾನ ಆಯ್ತು. ಇನ್ನೊಂಚೂರು ತಿರುಗಿಸಿದ್ರು, ನಿಂತೇ ಹೋಯ್ತು. ಹತ್ತು ಸೆಕೆಂಡ್ ಕೆಲಸ.

ಇದರ ಹಿಂದಿನ ಲೆಕ್ಕ ನಮ್ಮ ಪಿಯುಸಿ ಫಿಸಿಕ್ಸಲ್ಲೇ ಇತ್ತು. ಒಂದು ನಾದ 220 ಹರ್ಟ್ಸ್, ಇನ್ನೊಂದು 222 ಆದ್ರೆ ಸೆಕೆಂಡಿಗೆ 2 ಸಲ ಸದ್ದು ಏರಿಳಿಯತ್ತೆ. ಪರೀಕ್ಷೆಗೆ ಬರೆದು ಮಾರ್ಕ್ಸ್ ತಗೊಂಡಿದ್ದೆ. ಕಿವಿಯಿಂದ ಗುರುತಿಸೋಕೆ ಮಾತ್ರ ಬಂದಿರಲಿಲ್ಲ. ಅಮ್ಮನಿಗೆ ಹರ್ಟ್ಸ್ ಅಂದ್ರೆ ಬೇಡ, ಅವರ ಕಿವೀಲಿ ನಲವತ್ತು ವರ್ಷದ ತಂಬೂರಿ ಇದೆ.

4/7

"ಅದು ಶಾಸ್ತ್ರೀಯ ಸಂಗೀತ, ನಮ್ಮದು ಬೇರೆ" ಅಂತೀರಾ? ಹಾಗಾದ್ರೆ ರೋಲ್ಯಾಂಡ್ ಟಿಬಿ-303 ಕಥೆ ಕೇಳಿ.

ಜಪಾನಿನ ರೋಲ್ಯಾಂಡ್ ಕಂಪನಿ 1980ರ ದಶಕದ ಶುರುವಲ್ಲಿ ಈ ಪುಟ್ಟ ಬೆಳ್ಳಿ ಬಣ್ಣದ ಪೆಟ್ಟಿಗೆ ತಂತು. ಒಬ್ಬನೇ ಕೂತು ಗಿಟಾರ್ ನುಡಿಸೋರಿಗೆ ಬೇಸ್ ಸಾಥ್ ಕೊಡಲಿ ಅನ್ನೋದು ಉದ್ದೇಶ. ಬೇಸ್ ಗಿಟಾರಿನ ಥರ ಅದು ಕೇಳಿಸಲೇ ಇಲ್ಲ. ಸ್ವರ ಒಂದು ಸಲ, ಕಾಲ ಇನ್ನೊಂದು ಸಲ ಬೇರೆಬೇರೆಯಾಗಿ ತುಂಬಬೇಕಿತ್ತು, ತಲೆನೋವು. 1984ರಲ್ಲಿ ತಯಾರಿಕೆ ನಿಂತು ಸೆಕೆಂಡ್ ಹ್ಯಾಂಡ್ ಅಂಗಡಿ ಸೇರ್ತು. ಶಿಕಾಗೋದಲ್ಲಿ ಫ್ಯೂಚರ್ ಅನ್ನೋ ಗುಂಪಿನ ಹುಡುಗರ ಕೈಗೆ ಅಂಥದ್ದೊಂದು ಸಿಕ್ತು. ಅದು ಓಡ್ತಿರೋವಾಗಲೇ ಫಿಲ್ಟರ್ ನಾಬ್‌ಗಳನ್ನ ತಿರುಚ್ತಾ ಹೋದ್ರು. 1987ರಲ್ಲಿ ಹೊರಬಂದ 'ಆಸಿಡ್ ಟ್ರ್ಯಾಕ್ಸ್' ಆಸಿಡ್ ಹೌಸ್ ಅನ್ನೋ ಇಡೀ ಪ್ರಕಾರಕ್ಕೆ ಹೆಸರು ಕೊಡ್ತು.

ಅದಕ್ಕೂ ಐದು ವರ್ಷ ಮುಂಚೆ, 1982ರಲ್ಲಿ, ಮುಂಬೈನ ಸಿನಿಮಾ ಸಂಗೀತದ ವಾದಕ ಚರಣ್‌ಜಿತ್ ಸಿಂಗ್ ಇದೇ 303, ಟಿಆರ್-808 ಡ್ರಮ್ ಮಷಿನ್, ಜುಪಿಟರ್-8 ಇಟ್ಕೊಂಡು ಹತ್ತು ರಾಗಗಳನ್ನ ಡಿಸ್ಕೋ ತಾಳಕ್ಕೆ ಕೂರಿಸಿ ರೆಕಾರ್ಡ್ ತಂದಿದ್ರು. ಆಗ ಯಾರೂ ಕೊಳ್ಳಲಿಲ್ಲ. 2010ರಲ್ಲಿ ಮರುಬಿಡುಗಡೆ ಆದಾಗ ಪ್ರಪಂಚ ಬೆಚ್ಚಿಬಿತ್ತು, ಆಸಿಡ್ ಹೌಸ್‌ಗಿಂತ ಮುಂಚೇನೇ ಆ ಥರದ ಸದ್ದು ಇದರಲ್ಲಿತ್ತಲ್ಲ ಅಂತ. 303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋ ಸೌಲಭ್ಯ ಇದೆ. ರಾಗ ಕೇಳಿ ಬೆಳೆದ ಕಿವಿಗೆ ಜಾರು ಅಂದ್ರೇನು ಅಂತ ಮ್ಯಾನ್ಯುಯಲ್ ಹೇಳಿಕೊಡಬೇಕಾ?

ಸಿಂಗ್ ಹತ್ರ ಒಳ್ಳೇ ಗೇರ್ ಇತ್ತು, ಒಪ್ತೀನಿ. ಜುಪಿಟರ್-8 ಆಗಲೂ ದುಬಾರಿ. ಶಿಕಾಗೋ ಹುಡುಗರ ಹತ್ರ ಇದ್ದದ್ದು ಯಾರಿಗೂ ಬೇಡವಾದ ಪೆಟ್ಟಿಗೆ. ಇಬ್ಬರಲ್ಲೂ ಇದ್ದ ಒಂದೇ ವಿಷಯ: ಇರೋ ಪೆಟ್ಟಿಗೆ ಏನು ಹೇಳ್ತಿದೆ ಅಂತ ಕೂತು ಕೇಳಿದ್ರು.

5/7

ಇನ್ನೊಂದು ಕಥೆ, ಇದೂ ನಮ್ಮ ದೇಶದ್ದೇ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಒಂದು ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಶುರು ಮಾಡಿಸಿದ್ರು. ಅಲ್ಲಿದ್ದ ಮೂಗ್ ಸಿಂತ್ ಮೇಲೆ ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನರಾಯ ಜೋಶಿಪುರ ಅವರೆಲ್ಲ ಪ್ರಯೋಗ ಮಾಡಿದ್ರು. ಆ ಟೇಪ್‌ಗಳು ದಶಕಗಳ ಕಾಲ ಸಂಸ್ಥೆಯ ಕಪಾಟಲ್ಲೇ ಇದ್ವು. ಕಲಾವಿದ ಪಾಲ್ ಪುರ್ಗಸ್ ಅದನ್ನ ಹುಡುಕಿ ತೆಗೆದ್ರು, 2023ರಲ್ಲಿ ಆಲ್ಬಮ್ ಆಗಿ ಹೊರಬಂತು.

ಐದು ಜನ, ಹಂಚಿಕೊಂಡು ಬಳಸಿದ ಒಂದು ವ್ಯವಸ್ಥೆ. ನನ್ನ ರೂಮಲ್ಲಿ ಒಬ್ಬ, ಮೂರು ಮಷಿನ್. ಲೆಕ್ಕ ಎಲ್ಲಿ ತಪ್ಪಿದೆ ಅಂತ ನೀವೇ ಹೇಳಿ.

6/7

ಕಾಮೆಂಟಲ್ಲಿ ಏನು ಬರತ್ತೆ ಅಂತ ಗೊತ್ತು. "ಮೌಸ್ ಹಿಡ್ಕೊಂಡು ಸಂಗೀತ ಮಾಡೋಕಾಗತ್ತಾ? ನಾಬ್ ಮುಟ್ಟೋ ಸುಖಾನೇ ಬೇರೆ." ಒಪ್ಪಿದೆ. ಕೈಗೆ ಸಿಗೋ ನಾಬ್ ಕಲಿಸೋ ಪಾಠ ಸ್ಕ್ರೀನ್ ಕಲಿಸಲ್ಲ, ಅಲ್ಲಿ ನೋಟಿಫಿಕೇಶನ್ ಕಾಟಾನೂ ಇರಲ್ಲ. ದುಡಿದು, ಸ್ವಂತ ದುಡ್ಡಲ್ಲಿ, ಸಂಗ್ರಹ ಮಾಡೋದೇ ಹವ್ಯಾಸ ಅಂತ ತಗೊಳ್ಳೋರ ಮೇಲೂ ನನಗೆ ಯಾವ ಸಿಟ್ಟಿಲ್ಲ. ಸ್ಟ್ಯಾಂಪ್ ಕೂಡಿಡಲ್ವಾ, ಹಾಗೆ.

ನನ್ನ ತಕರಾರು ಬೇರೆ. ನಮ್ಮ ಫೋಟೋಗಳು ಸೇರಿ ಒಂದು ಸುಳ್ಳು ಹೇಳ್ತಿವೆ: ಎಲೆಕ್ಟ್ರಾನಿಕ್ ಸಂಗೀತಕ್ಕೆ ಎಂಟ್ರಿ ಫೀ ಇದೆ ಅಂತ. ಹೊರದೇಶದ ಬೆಲೆ ಮೇಲೆ ಕಸ್ಟಮ್ಸು, ಟ್ಯಾಕ್ಸು ಎಲ್ಲ ಸೇರಿ ಇಲ್ಲಿ ಸಿಂತ್ ಎಷ್ಟಾಗತ್ತೆ ಅಂತ ನಿಮಗೆ ಗೊತ್ತು. ಅಷ್ಟು ದುಡ್ಡು ಇಲ್ಲದ ಹುಡುಗ ಹುಡುಗಿಯರು ಶುರು ಮಾಡೋಕೇ ಹೆದರ್ತಾರೆ. ಇಲ್ಲಾಂದ್ರೆ ಅಪ್ಪ ಕೊಟ್ಟ ಲ್ಯಾಪ್‌ಟಾಪ್ ದುಡ್ಡಿಗೆ ಕೈ ಹಾಕ್ತಾರೆ. ಅದಕ್ಕೆ ನನ್ನ ಟೇಬಲ್ಲೂ ಕಾರಣ.

7/7

ಈಗ ನನ್ನ ತಮ್ಮನಿಗೆ ಉತ್ತರ.

ಲ್ಯಾಪ್‌ಟಾಪ್ ತಗೋ ಮಾರಾಯ. ನಿನ್ನ ಸಿಂತ್ ಅದೇ. ಸರ್ಜ್ ಎಕ್ಸ್‌ಟಿ ಪೂರ್ತಿ ಉಚಿತ, ಓಪನ್ ಸೋರ್ಸ್. ವೈಟಲ್ ಅನ್ನೋದಕ್ಕೂ ಉಚಿತ ಆವೃತ್ತಿ ಇದೆ. ಕೇಬಲ್ ಚುಚ್ಚೋ ಆಸೆ ಇದ್ರೆ ವಿಸಿವಿ ರ್ಯಾಕ್ ಇದೆ, ಅದರ ಉಚಿತ ಆವೃತ್ತಿಯಲ್ಲೇ ಒಂದು ವರ್ಷ ಕಳೀಬಹುದು.

ಮೊದಲ ತಿಂಗಳು ನಾಲ್ಕೇ ವಿಷಯ ಕಲಿ. ಮೆಷಿನ್ ಇಲ್ಲದೇನೂ ಅರ್ಥ ಆಗತ್ತೆ, ಈಗಲೇ ಮಾಡಿ ನೋಡು:

– "ಆ" ಅಂತ ಒಂದೇ ಶ್ರುತಿಯಲ್ಲಿ ಎಳಿ. ನಿನ್ನ ಗಂಟಲೇ ಆಸಿಲೇಟರ್.
– ಶ್ರುತಿ ಬದಲಿಸದೆ "ಆ" ಇಂದ "ಊ" ಕಡೆಗೆ ನಿಧಾನ ಬಾಯಿ ಮುಚ್ಚು. ಸದ್ದು ಮಂಕಾಯ್ತಲ್ಲ, ಅದು ಫಿಲ್ಟರ್.
– ಮೃದಂಗದ ಏಟು ಥಟ್ ಅಂತ ಎದ್ದು ಇಳಿಯತ್ತೆ. ಹಾರ್ಮೋನಿಯಂ ಕೀ ಒತ್ತಿರೋವರೆಗೂ ನಿಲ್ಲತ್ತೆ. ಆ ಏರಿಳಿತದ ಆಕಾರವೇ ಎನ್ವಲಪ್.
– ಸ್ವರವನ್ನ ಒಂದೇ ವೇಗದಲ್ಲಿ ಅಲುಗಾಡಿಸು. ಎಲ್‌ಎಫ್‌ಒ ಮಾಡೋದು ಅದನ್ನೇ.

ಯಾವ ಬ್ರ್ಯಾಂಡಿನ ಸಿಂತ್ ಮುಂದೆ ಕೂತ್ರೂ ಈ ನಾಲ್ಕನ್ನೇ ಮೊದಲು ಹುಡುಕಬೇಕು. ಆಮೇಲೆ ಮೂರು ಟ್ರ್ಯಾಕ್ ಮುಗಿಸು. ಚೆನ್ನಾಗಿಲ್ಲದಿದ್ರೂ ಮುಗಿಸು: ಶುರು, ನಡು, ಕೊನೆ ಇರೋ ಹಾಗೆ. ಅಷ್ಟಾದ ಮೇಲೂ ಹಾರ್ಡ್‌ವೇರ್ ಬೇಕು ಅನ್ಸಿದ್ರೆ ನಿನಗೆ ಏನು ಬೇಕು ಅಂತ ನಿನಗೇ ಗೊತ್ತಿರತ್ತೆ, ನನ್ನ ಫೋಟೋ ನೋಡಿ ಹೇಳಬೇಕಿರಲ್ಲ.

ನನ್ನ ಕಡೆಯಿಂದ ಎರಡು ಕೆಲಸ. ಒಂದು, ಡ್ರಮ್ ಮಷಿನ್ ಮಾರಿದೀನಿ, ಬಾಕಿ ಇಎಂಐ ಕಟ್ಟಿ ಮುಗೀತು. ಎರಡು, ಎರಡನೇ ಸಿಂತ್ ಇನ್ಮೇಲೆ ಸರದಿ ಮೇಲೆ ಓಡಾಡತ್ತೆ. ಒಬ್ಬರಿಗೆ ಎರಡು ವಾರ. ಬಾಡಿಗೆ ಇಲ್ಲ, ಒಂದೇ ಷರತ್ತು: ವಾಪಸ್ ಕೊಡುವಾಗ ಮುಗಿದ ಒಂದು ಟ್ರ್ಯಾಕ್ ಜೊತೆಗೆ ಬರಬೇಕು. ಕ್ಲಾಸಿನವರು, ಹಾಸ್ಟೆಲಿನವರು ಕಾಮೆಂಟಲ್ಲಿ ಹೆಸರು ಹಾಕಿ. ಮೊದಲ ಸರದಿ ಆ ಜೂನಿಯರ್‌ಗೆ.

ನಾನೂ ಈ ಸಲ ಸಿಂತ್ ಒಂದರಲ್ಲೇ, ಅಮ್ಮನ ಶ್ರುತಿಪೆಟ್ಟಿಗೆಯ ಷಡ್ಜ ಹಿಡಿದು, ಒಂದು ಟ್ರ್ಯಾಕ್ ಶುರು ಮಾಡಿದೀನಿ. ಮೂರೂವರೆ ನಿಮಿಷ ಆಗಿದೆ. ಕೊನೆ ಇನ್ನೂ ಸಿಕ್ಕಿಲ್ಲ. ಸಿಕ್ಕಿದ ದಿನ ಇಲ್ಲೇ ಹಾಕ್ತೀನಿ, ಟೇಬಲ್ ಫೋಟೋ ಇಲ್ಲದೆ.

#ಸಿಂತ್ #ಶ್ರುತಿಪೆಟ್ಟಿಗೆ #ಇರೋದ್ರಲ್ಲೇ_ಮಾಡೋಣ